ವೇಷ ತೊಟ್ಟ ಉಕ್ಕು: ಒಂದು ಯುದ್ಧಚಿತ್ರದ ಆಯುಧಗಳು

ಯುದ್ಧವನ್ನು ವಸ್ತುವಾಗುಳ್ಳ ಚಲನಚಿತ್ರಗಳ ಚರ್ಚೆಯಲ್ಲಿ ಆಯುಧಗಳಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ಆಯುಧಗಳನ್ನು ಬಲ್ಲ ಪ್ರೇಕ್ಷಕರು ಚಿತ್ರದಲ್ಲಿ ಆಯುಧವನ್ನಲ್ಲದೆ ಬೇರೇನನ್ನೂ ಕಾಣುವುದಿಲ್ಲ. ಈ ಕೋವಿ ಆ ವರ್ಷದ್ದಲ್ಲ, ಈ ಫಿರಂಗಿಯ ನಳಿಗೆ ಇಷ್ಟು ಉದ್ದವಿರಲಿಲ್ಲ ಎಂದು ತಪ್ಪುಗಳ ಪಟ್ಟಿಯೊಂದನ್ನು ಮಾಡಿ ಅವರು ತೃಪ್ತರಾಗುತ್ತಾರೆ. ಸಾಹಿತ್ಯಾಭ್ಯಾಸದ ಹಿನ್ನೆಲೆಯಿಂದ ಬಂದವರಾದರೋ ಕಥೆ, ಪಾತ್ರ, ದೃಷ್ಟಿಧೋರಣೆಗಳನ್ನು ಬಗೆಬಗೆಯಾಗಿ ಚರ್ಚಿಸಿ, ಆಯುಧವನ್ನು ರಂಗಸಜ್ಜಿಕೆಯ ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗುತ್ತಾರೆ. ಒಬ್ಬರಿಗೆ ಕಬ್ಬಿಣ ಮಾತ್ರ ಕಾಣುತ್ತದೆ. ಇನ್ನೊಬ್ಬರಿಗೆ ಕಬ್ಬಿಣವೊಂದನ್ನು ಬಿಟ್ಟು ಉಳಿದುದೆಲ್ಲ ಕಾಣುತ್ತದೆ. ಯುದ್ಧದ ಕಥೆಯಲ್ಲಿ ಆಯುಧವೂ ಒಂದು ಪಾತ್ರವೇ ಎಂಬುದನ್ನು ಇಬ್ಬರೂ ಗಮನಿಸಿದಂತಿಲ್ಲ. ಪಾತ್ರವೊಂದಕ್ಕೆ ಸ್ವಭಾವವಿರುವಂತೆ ಆಯುಧಕ್ಕೂ ತೂಕವಿದೆ, ಹಸಿವಿದೆ, ಹೋಗಲಾರದ ದಾರಿಗಳಿವೆ. ಈ ಸ್ವಭಾವವನ್ನು ಕೆಡಿಸಿದ ಚಿತ್ರ ಯುದ್ಧವನ್ನು ಮಾತ್ರವಲ್ಲ, ಅದರಲ್ಲಿ ಸತ್ತವರನ್ನೂ ತಪ್ಪಾಗಿ ಹೇಳುತ್ತದೆ.

ಈ ಮಾತನ್ನು ಪರೀಕ್ಷಿಸಿ ನೋಡಲು 1965ರ ‘ಬ್ಯಾಟ್ಲ್ ಆಫ್ ದಿ ಬಲ್ಜ್’ ಎಂಬ ಹಾಲಿವುಡ್ ಚಿತ್ರಕ್ಕಿಂತ ತಕ್ಕ ನಿದರ್ಶನ ಸಿಗುವುದು ಕಷ್ಟ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944ರ ಡಿಸೆಂಬರ್ 16ರಂದು, ಜರ್ಮನ್ ಸೇನೆ ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್‌ಗಳ ಆರ್ಡೆನ್ಸ್ ಅರಣ್ಯ ಪ್ರದೇಶದಲ್ಲಿ ಅಮೆರಿಕನ್ನರ ಮೇಲೆ ಹಠಾತ್ತನೆ ಎರಗಿತು. ಮ್ಯೂಸ್ ನದಿಯನ್ನು ದಾಟಿ ಆಂಟ್ವೆರ್ಪ್ ಬಂದರನ್ನು ಹಿಡಿಯುವುದು ಹಿಟ್ಲರನ ಯೋಜನೆ. ಅದು ಕೈಗೂಡಲಿಲ್ಲ. ಜನವರಿಯ ಕೊನೆಯ ಹೊತ್ತಿಗೆ ಗಡಿರೇಖೆ ಮೊದಲಿದ್ದ ಜಾಗಕ್ಕೇ ಮರಳಿತು. ಅಷ್ಟರಲ್ಲಿ ಅಮೆರಿಕದ ಕಡೆಯಲ್ಲೇ ಸುಮಾರು 19,000 ಮಂದಿ ಸತ್ತಿದ್ದರು. ಕೆನ್ ಅನಕಿನ್ ನಿರ್ದೇಶಿಸಿದ ಈ ಚಿತ್ರ, ಕದನ ಆರಂಭವಾದ ದಿನದ 21ನೆಯ ವರ್ಷಕ್ಕೆ ಸರಿಯಾಗಿ, 1965ರ ಡಿಸೆಂಬರ್ 16ರಂದು ತೆರೆಕಂಡಿತು. ಹೆನ್ರಿ ಫೊಂಡಾ ಅಮೆರಿಕದ ಗುಪ್ತಚರ ಅಧಿಕಾರಿ ಕೈಲಿಯಾಗಿ, ರಾಬರ್ಟ್ ಶಾ ಜರ್ಮನ್ ಟ್ಯಾಂಕು ಪಡೆಯ ಕರ್ನಲ್ ಹೆಸ್ಲರನಾಗಿ ಅದರಲ್ಲಿ ಕಾಣಿಸಿಕೊಳ್ಳುತ್ತಾರೆ. ಇಬ್ಬರೂ ಕಲ್ಪಿತ ಪಾತ್ರಗಳು. ಆದರೆ ಚಿತ್ರದ ನಿಜವಾದ ನಾಯಕ, ಅಥವಾ ಪ್ರತಿನಾಯಕ, ಹೆಸ್ಲರನ ಕೈಗೆ ಒಪ್ಪಿಸಲಾಗುವ ಹೊಸ ಟ್ಯಾಂಕು: ಕಿಂಗ್ ಟೈಗರ್.

ತೆರೆಯ ಮೇಲೆ ಅಪ್ಪಳಿಸಿಕೊಂಡು ಬರುವ ಆ ಟ್ಯಾಂಕುಗಳಲ್ಲಿ ಒಂದೂ ಕಿಂಗ್ ಟೈಗರ್ ಅಲ್ಲ. ಒಂದೂ ಜರ್ಮನಿಯದಲ್ಲ. ಚಿತ್ರೀಕರಣ ನಡೆದುದು ಸ್ಪೇನ್ ದೇಶದಲ್ಲಿ. ಟ್ಯಾಂಕುಗಳನ್ನು ಒದಗಿಸಿದುದು ಸ್ಪೇನಿನ ಸೇನೆ. 1953ರ ಒಪ್ಪಂದದ ತರುವಾಯ ಅಮೆರಿಕ ಆ ಸೇನೆಗೆ ಕೊಟ್ಟಿದ್ದ ಎಂ-47 ಪ್ಯಾಟನ್ ಟ್ಯಾಂಕುಗಳಿಗೆ ಬೂದು ಬಣ್ಣ ಬಳಿದು, ಮೇಲೆ ಜರ್ಮನ್ ಶಿಲುಬೆಯನ್ನು ಬರೆದು, ಕಿಂಗ್ ಟೈಗರ್ ಎಂದು ಓಡಿಸಲಾಯಿತು. ಎದುರಾಳಿಗಳಾದ ಅಮೆರಿಕದ ಶರ್ಮನ್ ಟ್ಯಾಂಕುಗಳ ಪಾತ್ರವನ್ನು ಎಂ-24 ಚಾಫೀ ಎಂಬ ಹಗುರ ಟ್ಯಾಂಕುಗಳು ವಹಿಸಿದುವು. ಲೆಕ್ಕ ಹಾಕುವವರಿಗೆ ಇಲ್ಲಿ ಸುಗ್ಗಿ. ಕಿಂಗ್ ಟೈಗರ್ ಹತ್ತಿರ ಹತ್ತಿರ 70 ಟನ್ ತೂಗುತ್ತಿತ್ತು. ಪ್ಯಾಟನ್ 46 ಟನ್ನಿನದು. ಜರ್ಮನ್ ಟ್ಯಾಂಕಿನದು 88 ಮಿಲಿಮೀಟರಿನ ಅತಿ ಉದ್ದನೆಯ ಫಿರಂಗಿ. ಪ್ಯಾಟನ್ನಿನದು 90 ಮಿಲಿಮೀಟರಿನದು. ಶರ್ಮನ್ ಮೂವತ್ತು ಟನ್ನಿಗೂ ಮೇಲ್ಪಟ್ಟದ್ದು; ಚಾಫೀ ಹದಿನೆಂಟು ಟನ್ನಿನದು. ಎಲ್ಲಕ್ಕೂ ಮಿಗಿಲಾಗಿ ಎಂ-47 ತಯಾರಾದುದೇ 1950ರ ದಶಕದ ಆರಂಭದಲ್ಲಿ. ಎಂದರೆ, ತಾನು ಹುಟ್ಟುವುದಕ್ಕೆ ಆರೇಳು ವರ್ಷ ಮೊದಲಿನ ಯುದ್ಧದಲ್ಲಿ ಅದು ತನ್ನನ್ನು ಹೆತ್ತ ದೇಶದ ವಿರುದ್ಧವೇ ಕಾದಾಡುತ್ತಿದೆ.

ಇದನ್ನು ತಪ್ಪು ಎಂದು ತಳ್ಳಿಹಾಕುವುದು ಸುಲಭ. ಆದರೆ ಅಷ್ಟರಿಂದಲೇ ಚಿತ್ರಕ್ಕೆ ಶಿಕ್ಷೆ ವಿಧಿಸುವುದು ನ್ಯಾಯವಾಗಲಾರದು. ಯುದ್ಧ ಮುಗಿದ ಇಪ್ಪತ್ತು ವರ್ಷಗಳ ಮೇಲೆ ಜಗತ್ತಿನಲ್ಲಿ ಕಿಂಗ್ ಟೈಗರುಗಳು ಉಳಿದಿದ್ದುದು ಬೆರಳೆಣಿಕೆಯಷ್ಟು, ಅವೂ ವಸ್ತುಸಂಗ್ರಹಾಲಯಗಳಲ್ಲಿ ಮತ್ತು ಸ್ಮಾರಕಗಳಾಗಿ. ಇಲ್ಲದ ವಸ್ತುವಿಗೆ ಇನ್ನೊಂದು ವಸ್ತುವನ್ನು ನಿಲ್ಲಿಸುವುದು ಎಲ್ಲ ಪ್ರದರ್ಶನ ಕಲೆಗಳ ಮೂಲಧರ್ಮ. ಯಕ್ಷಗಾನದ ರಂಗದಲ್ಲಿ ಅರ್ಜುನ ಹಿಡಿಯುವ ಗಾಂಡೀವ ಹಗುರವಾದ ಮರದ ತುಂಡು, ರಥವಿಲ್ಲ, ಕುದುರೆಗಳಿಲ್ಲ. ಆದರೂ ಮುಂಬಯಿಯ ಸಭಾಗೃಹದಲ್ಲಿ ಕುಳಿತ ಕನ್ನಡ, ತುಳು ಪ್ರೇಕ್ಷಕರಿಗೆ ಕುರುಕ್ಷೇತ್ರ ಕಾಣುವುದರಲ್ಲಿ ಯಾವ ಕೊರತೆಯೂ ಆಗುವುದಿಲ್ಲ. ಅಲ್ಲಿ ರಂಗಕ್ಕೂ ಪ್ರೇಕ್ಷಕನಿಗೂ ನಡುವೆ ಮೊದಲೇ ಒಂದು ಒಪ್ಪಂದವಾಗಿದೆ: ಇದು ವೇಷ, ಅರ್ಥವನ್ನು ಹಿಡಿ ಎಂಬುದು. ಸಿನಿಮಾದ ತೊಡಕೆಂದರೆ ಅದು ಈ ಒಪ್ಪಂದವನ್ನು ಮಾಡಿಕೊಳ್ಳುವುದಿಲ್ಲ. ಇದೇ ನಿಜ, ಹೀಗೆಯೇ ನಡೆಯಿತು ಎಂದು ಅದು ಅಗಲವಾದ ತೆರೆಯ ಮೇಲೆ, ಕಿವಿಗಡಚಿಕ್ಕುವ ಶಬ್ದದೊಡನೆ ಸಾರುತ್ತದೆ. ಈ ಚಿತ್ರದ ಕೊನೆಯಲ್ಲಿ ಮಾತ್ರ ಹೆಸರು, ಸ್ಥಳ, ಪಾತ್ರಗಳನ್ನು ಸಾಮಾನ್ಯೀಕರಿಸಲಾಗಿದೆ, ಕದನದ ಸತ್ತ್ವವನ್ನು ಹಿಡಿಯುವುದು ಉದ್ದೇಶ ಎಂಬರ್ಥದ ಬರಹವೊಂದು ಬರುತ್ತದೆ. ಪ್ರೇಕ್ಷಕ ಎದ್ದುನಿಂತು ಬಾಗಿಲ ಕಡೆ ತಿರುಗಿದ ಮೇಲೆ ಮಾಡಿಕೊಂಡ ಒಪ್ಪಂದ ಅದು.

ವೇಷದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಟ್ಯಾಂಕಿಗೂ ವೇಷಕ್ಕೂ ಇರುವ ನಂಟು ಸಿನಿಮಾದಿಂದ ಆರಂಭವಾದುದಲ್ಲ. ಅದರ ಹೆಸರೇ ಒಂದು ವೇಷ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಈ ಯಂತ್ರವನ್ನು ಗುಟ್ಟಾಗಿ ತಯಾರಿಸುತ್ತಿದ್ದಾಗ, ನೀರು ಸಾಗಿಸುವ ತೊಟ್ಟಿ ಎಂಬ ಸುಳ್ಳು ವಿವರಣೆಯೊಡನೆ ‘ಟ್ಯಾಂಕ್’ ಎಂಬ ಗುಪ್ತನಾಮವನ್ನು ಕೊಟ್ಟರು. 1916ರ ಸೆಪ್ಟೆಂಬರಿನಲ್ಲಿ ಅದು ರಣರಂಗಕ್ಕೆ ಇಳಿದ ಮೇಲೆ ಗುಟ್ಟು ಹೋಯಿತು, ಹೆಸರು ಉಳಿಯಿತು. ಆ ಇಂಗ್ಲಿಷ್ ಪದದ ಮೂಲವನ್ನು ಭಾಗಶಃ ಗುಜರಾತಿ ಮತ್ತು ಮರಾಠಿಗಳ ಟಾಂಕೆ, ಟಾಕೆ ಎಂಬ ನೀರಿನ ತೊಟ್ಟಿಯ ಹೆಸರುಗಳಲ್ಲಿ ನಿಘಂಟುಕಾರರು ಗುರುತಿಸುತ್ತಾರೆ. ಮನೆಯ ಮೇಲಿನ ನೀರಿನ ಟಾಂಕಿಗೂ ರಣರಂಗದ ಟ್ಯಾಂಕಿಗೂ ಕನ್ನಡದಲ್ಲಿ ಬಳಕೆಯಾಗುವ ಪದ ಹೆಚ್ಚುಕಡಿಮೆ ಒಂದೇ ಆಗಿರುವುದು ಆಕಸ್ಮಿಕವಲ್ಲ. ಆಯುಧಗಳ ಹೆಸರುಗಳು ಹೀಗೆಯೇ ಊರೂರು ಅಲೆದು ಬಂದವು. ತುಪಾಕಿ ತುರ್ಕಿಯಿಂದ ಹೊರಟದ್ದು. ಫಿರಂಗಿ ಯುರೋಪಿನವರ ಹೆಸರು. ಅದೇ ಪದ ಕನ್ನಡದಲ್ಲಿ ಪರಂಗಿಯವನೂ ಆಯಿತು, ಪರಂಗಿ ಹಣ್ಣೂ ಆಯಿತು. ಕೊಲ್ಲುವ ವಸ್ತುವಿಗೂ ತಿನ್ನುವ ವಸ್ತುವಿಗೂ ಭಾಷೆ ಒಂದೇ ಚೀಟಿ ಅಂಟಿಸಿ ಸುಮ್ಮನಿರಬಲ್ಲುದು.

ಆರ್ಡೆನ್ಸ್ ಕದನದಲ್ಲಂತೂ ಟ್ಯಾಂಕುಗಳು ನಿಜವಾಗಿಯೇ ವೇಷ ಹಾಕಿದ್ದುವು. ಒಟ್ಟೊ ಸ್ಕೋರ್ಜೆನಿಯ ಪಡೆ ಅಮೆರಿಕನ್ ಸಮವಸ್ತ್ರ ತೊಟ್ಟ ಜರ್ಮನ್ ಸೈನಿಕರನ್ನು ಶತ್ರುವಿನ ಹಿಂದಕ್ಕೆ ಕಳಿಸಿದುದು ಪ್ರಸಿದ್ಧ ಸಂಗತಿ. ಅದೇ ಪಡೆ ಐದು ಪ್ಯಾಂಥರ್ ಟ್ಯಾಂಕುಗಳಿಗೆ ತಗಡಿನ ಹೊದಿಕೆ ಹೊದಿಸಿ, ಹಸಿರು ಬಳಿದು, ಬಿಳಿಯ ನಕ್ಷತ್ರ ಬರೆದು, ಅಮೆರಿಕದ ಎಂ-10 ವಾಹನಗಳಂತೆ ಕಾಣಿಸಿ ಮಾಲ್ಮೆಡಿಯ ಕಡೆ ಕಾದಾಟಕ್ಕೆ ಇಳಿಸಿತು. ಜರ್ಮನ್ ಉಕ್ಕು ಅಮೆರಿಕನ್ ವೇಷ ತೊಟ್ಟು ನಡೆಸಿದ ಕದನವನ್ನು ಇಪ್ಪತ್ತೊಂದು ವರ್ಷಗಳ ಮೇಲೆ ಅಮೆರಿಕನ್ ಉಕ್ಕು ಜರ್ಮನ್ ವೇಷ ತೊಟ್ಟು ಅಭಿನಯಿಸಿತು. ಚಿತ್ರ ಸಮವಸ್ತ್ರ ಬದಲಿಸಿದ ಮನುಷ್ಯರನ್ನು ತೋರಿಸುತ್ತದೆ, ಅವರು ದಾರಿಯ ಫಲಕಗಳನ್ನು ತಿರುಗಿಸುವುದನ್ನೂ ಸೇತುವೆಯನ್ನು ವಶಪಡಿಸಿಕೊಳ್ಳುವುದನ್ನೂ ತೋರಿಸುತ್ತದೆ. ವೇಷ ಹಾಕಿದ ಟ್ಯಾಂಕನ್ನು ಮಾತ್ರ ತೋರಿಸುವುದಿಲ್ಲ. ತನ್ನ ಬಡತನವನ್ನೇ ಕಥೆಯನ್ನಾಗಿ ಮಾಡಿಕೊಳ್ಳಬಹುದಾಗಿದ್ದ ಅಪೂರ್ವ ಅವಕಾಶ ಹೀಗೆ ಕೈಬಿಟ್ಟು ಹೋಯಿತು.

ಪ್ಯಾಟನ್ ಟ್ಯಾಂಕಿನ ಮೇಲೆ ಜರ್ಮನ್ ಶಿಲುಬೆ ಎಂಬುದು ಪೂರ್ಣ ಕಲ್ಪನೆಯೂ ಅಲ್ಲ. 1955ರಲ್ಲಿ ಮರುಹುಟ್ಟು ಪಡೆದ ಪಶ್ಚಿಮ ಜರ್ಮನಿಯ ಸೇನೆಗೆ ಅಮೆರಿಕ ಒದಗಿಸಿದ ಮೊದಮೊದಲ ಟ್ಯಾಂಕುಗಳಲ್ಲಿ ಇದೇ ಎಂ-47 ಇತ್ತು. ನಿನ್ನೆಯ ಶತ್ರು ಇಂದಿನ ಮಿತ್ರನಾಗಿ, ಗೆದ್ದವನ ಟ್ಯಾಂಕನ್ನೇ ಏರಿ, ಅದರ ಮೇಲೆ ತನ್ನ ಗುರುತನ್ನು ಬರೆದುಕೊಂಡಿದ್ದ. ಚಿತ್ರ ತನಗರಿಯದೆಯೇ 1944ರ ಬದಲು 1960ರ ಸುಮಾರಿನ ಯುರೋಪಿನ ಚಿತ್ರಪಟವೊಂದನ್ನು ತೆಗೆದಿದೆ ಎಂದರೂ ಸಲ್ಲುತ್ತದೆ.

ಕನ್ನಡದ ಅಭ್ಯಾಸಿಗೆ ಈ ಬಗೆಯ ಕಾಲವ್ಯತ್ಯಾಸ ಹೊಸದೇನೂ ಅಲ್ಲ. ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ವರ್ಣಿಸುವ ಸೇನೆ ಮಹಾಭಾರತದ್ದೆಷ್ಟೋ ಹತ್ತನೆಯ ಶತಮಾನದ್ದೂ ಅಷ್ಟೇ. ಸ್ವತಃ ಯುದ್ಧವನ್ನು ಕಂಡ ಕವಿ ತಾನು ಕಂಡ ಆನೆ, ಕುದುರೆ, ಬಿಲ್ಲುಗಳನ್ನೇ ಕುರುಕ್ಷೇತ್ರಕ್ಕೆ ನಡೆಸಿಕೊಂಡು ಹೋದ. ಅರ್ಜುನನಲ್ಲಿ ಅರಿಕೇಸರಿಯನ್ನು ಕಾಣಿಸಬೇಕೆಂಬುದು ಅವನ ಘೋಷಿತ ಸಂಕಲ್ಪವಾಗಿದ್ದುದರಿಂದ ಆಯುಧಗಳೂ ಎರಡು ಕಾಲಗಳಲ್ಲಿ ಒಟ್ಟಿಗೆ ಹೊಳೆಯಬೇಕಾಗಿತ್ತು. ಬೇಗೂರಿನ ವೀರಗಲ್ಲನ್ನು ಕೆತ್ತಿದ ಶಿಲ್ಪಿ ತನ್ನ ಕಾಲದ ಆಯುಧಗಳನ್ನು ತನ್ನ ಕಾಲದ ವೀರರ ಕೈಗೇ ಕೊಟ್ಟ. ಇಬ್ಬರಿಗೂ ಆಯುಧ ಯಾರ ಕೈಯಲ್ಲಿದೆ, ಏಕಿದೆ ಎಂಬ ಅರಿವಿತ್ತು. ಅನಕಿನ್ನನ ಚಿತ್ರದಲ್ಲಿ ಪ್ಯಾಟನ್ ಇರುವುದಕ್ಕೆ ಕಾರಣ ಸ್ಪೇನಿನ ಸೇನೆಯ ಬಳಿ ಅದು ಇತ್ತು ಎಂಬುದಷ್ಟೇ. ಕಾಲವ್ಯತ್ಯಾಸ ದೋಷವಲ್ಲ, ಅರ್ಥವಿಲ್ಲದ ಕಾಲವ್ಯತ್ಯಾಸ ದೋಷ. ಐದು ವರ್ಷಗಳ ಮೇಲೆ, 1970ರಲ್ಲಿ, ಇದೇ ಸ್ಪೇನಿನಲ್ಲಿ ತೆಗೆದ ‘ಪ್ಯಾಟನ್’ ಚಿತ್ರದಲ್ಲಿ ಈ ಅರ್ಥಶೂನ್ಯತೆ ಹಾಸ್ಯದ ಅಂಚಿಗೆ ಬಂತು. ಜನರಲ್ ಪ್ಯಾಟನ್ನನ ನೆನಪಿಗಾಗಿ ಹೆಸರಿಟ್ಟ ಟ್ಯಾಂಕುಗಳೇ ಅಲ್ಲಿ ಜರ್ಮನ್ ಟ್ಯಾಂಕುಗಳಾಗಿ ಜನರಲ್ ಪ್ಯಾಟನ್ನನ ಮೇಲೆ ಏರಿ ಬರುತ್ತವೆ.

ಸ್ಪೇನಿನ ಬಯಲಿನಲ್ಲಿ ಈ ವೇಷಗಳ ಕಾದಾಟ ನಡೆದ ವರ್ಷವೇ ಭಾರತದ ನೆಲದ ಮೇಲೆ ಇದೇ ಯಂತ್ರಗಳು ವೇಷವಿಲ್ಲದೆ ಎದುರುಬದುರಾದುವು. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣದ ಹತ್ತಿರ ಅಸಲ್ ಉತ್ತರ ಎಂಬ ಹಳ್ಳಿಯ ಸುತ್ತ ನಡೆದ ಕದನದಲ್ಲಿ ಪಾಕಿಸ್ತಾನದ ಕಡೆಯಿಂದ ಬಂದುವು ಅಮೆರಿಕ ಕೊಟ್ಟ ಪ್ಯಾಟನ್‌ಗಳು, ಎಂ-47 ಮತ್ತು ಅದರ ತಮ್ಮನಾದ ಎಂ-48. ಭಾರತದ ಕಡೆ ಸೆಂಚೂರಿಯನ್‌ಗಳೊಡನೆ ನಿಂತುವು ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಶರ್ಮನ್‌ಗಳು, ಎರಡನೆಯ ಮಹಾಯುದ್ಧದ ಕಾಲದ ನಿಜವಾದ ಶರ್ಮನ್‌ಗಳು. ಹೈದರಾಬಾದಿನ ನಿಜಾಮರ ಕಾಲದ ಪಡೆಯಿಂದ ಬೆಳೆದುಬಂದ ರೆಜಿಮೆಂಟು ಅದು. ಮೂರು ತಿಂಗಳ ಮೇಲೆ ತೆರೆಯ ಮೇಲೆ ಬಂದ ‘ಶರ್ಮನ್’ ಶರ್ಮನ್ ಆಗಿರಲಿಲ್ಲ, ‘ಟೈಗರ್’ ಟೈಗರ್ ಆಗಿರಲಿಲ್ಲ. ಆದರೆ ಪಂಜಾಬಿನ ಕಬ್ಬಿನ ಗದ್ದೆಯಲ್ಲಿ ಶರ್ಮನ್ ಶರ್ಮನ್ನೇ, ಪ್ಯಾಟನ್ ಪ್ಯಾಟನ್ನೇ. ಮೂರನೆಯ ನಟನಾದ ಚಾಫೀಯೂ ಉಪಖಂಡಕ್ಕೆ ಬಂದೇ ಬಂತು. 1971ರ ನವೆಂಬರಿನಲ್ಲಿ ಪೂರ್ವದ ಗಡಿಯ ಗರೀಬ್‌ಪುರದಲ್ಲಿ ಪಾಕಿಸ್ತಾನದ ಚಾಫೀಗಳು ಭಾರತದ ಪಿಟಿ-76 ಟ್ಯಾಂಕುಗಳ ಎದುರು ನಾಶವಾದುವು.

ಅಸಲ್ ಉತ್ತರದ ಕಥೆಯನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಪ್ಯಾಟನ್ ಎಂಬ ಆಯುಧದ ಸ್ವಭಾವ ಚಿತ್ರದಲ್ಲಿ ಎಷ್ಟು ಮಾತ್ರಕ್ಕೂ ಕಾಣದು, ಅಲ್ಲಿ ಕಂಡಿತು. ನಾಲೆಯ ನೀರನ್ನು ಹರಿಸಿ ನೆನೆಸಿದ ಗದ್ದೆಗಳಲ್ಲಿ ಆ ಭಾರಿ ಯಂತ್ರಗಳು ಹೂತು ನಿಂತುವು. ಎತ್ತರದ ಕಬ್ಬಿನ ನಡುವೆ ಅವುಗಳಿಗೆ ದೂರದ ಗುರಿ ಕಾಣಲಿಲ್ಲ. ದೂರದಿಂದ ಹೊಡೆಯುವುದೇ ಅವುಗಳ ಮುಖ್ಯ ಬಲವಾಗಿತ್ತು. ಜೀಪಿನ ಮೇಲೆ ಹೊತ್ತ 106 ಮಿಲಿಮೀಟರಿನ ತೋಪಿನಿಂದ ಹತ್ತಿರದಲ್ಲೇ ಅಡಗಿ ಹೊಡೆದ ಗ್ರೆನೇಡಿಯರ್ಸ್ ರೆಜಿಮೆಂಟಿನ ಅಬ್ದುಲ್ ಹಮೀದ್ ಒಂದಾದ ಮೇಲೊಂದು ಪ್ಯಾಟನ್‌ಗಳನ್ನು ನಾಶಮಾಡಿ ತಾನೂ ಮಡಿದ. ಮರಣೋತ್ತರವಾಗಿ ಪರಮವೀರ ಚಕ್ರ ಪಡೆದ. ಅವನ ಶೌರ್ಯವನ್ನು ಕೊಂಡಾಡುವ ಬರಹಗಳು ಬಹಳ. ಆದರೆ ಆ ಜೀಪಿಗೆ ರಕ್ಷಾಕವಚವೇ ಇರಲಿಲ್ಲವೆಂಬುದನ್ನೂ, ಆ ತೋಪು ಒಮ್ಮೆ ಹಾರಿದರೆ ಹಿಂದಕ್ಕೆ ಎರಚುವ ಬೆಂಕಿ ಮತ್ತು ಧೂಳಿನಿಂದ ಅಡಗುದಾಣ ಬಯಲಾಗುತ್ತದೆಂಬುದನ್ನೂ, ಆದ್ದರಿಂದ ಪ್ರತಿ ಹೊಡೆತದ ಮೇಲೂ ಜಾಗ ಬದಲಿಸದಿದ್ದರೆ ಸಾವು ಖಚಿತವೆಂಬುದನ್ನೂ ತಿಳಿಯದೆ ಆ ಶೌರ್ಯದ ಅಳತೆ ಸಿಗುವುದಿಲ್ಲ. ಆಯುಧದ ಮಿತಿಯನ್ನು ಬಲ್ಲವನಿಗೆ ಮಾತ್ರ ಮನುಷ್ಯನ ಎತ್ತರ ಕಾಣುತ್ತದೆ.

ಆರ್ಡೆನ್ಸ್ ಚಿತ್ರದ ಮೇಲಿರುವ ಮುಖ್ಯ ಆಕ್ಷೇಪ ಈ ಜಾಗದಲ್ಲಿ ಹುಟ್ಟುತ್ತದೆ. ಟ್ಯಾಂಕಿನ ಆಕಾರ ತಪ್ಪಿದುದನ್ನು ಕ್ಷಮಿಸಬಹುದು. ಅದರ ಭಾರವನ್ನು ಕಳೆದುದನ್ನು ಕ್ಷಮಿಸುವುದು ಕಷ್ಟ. ನಿಜವಾದ ಕಿಂಗ್ ಟೈಗರನ್ನು 70 ಟನ್ನಿನ ಆ ಮೈಯೇ ಹಣಿಯಿತು. ಮುಂಭಾಗದ ಉಕ್ಕು 150 ಮಿಲಿಮೀಟರ್ ದಪ್ಪ. ಎದುರಿನಿಂದ ಅದನ್ನು ಭೇದಿಸುವುದು ಶರ್ಮನ್ನಿನ ಫಿರಂಗಿಗೆ ಬಹುಮಟ್ಟಿಗೆ ಅಸಾಧ್ಯ. ಆದರೆ ಅಷ್ಟು ಭಾರವನ್ನು ಎಳೆಯಬೇಕಾದುದು 700 ಅಶ್ವಶಕ್ತಿಯ ಒಂದೇ ಎಂಜಿನ್. ಸುಮಾರು 860 ಲೀಟರ್ ಪೆಟ್ರೋಲು ತುಂಬಿಸಿದರೆ ಒಳ್ಳೆಯ ರಸ್ತೆಯ ಮೇಲೆ 170 ಕಿಲೋಮೀಟರು ಹೋದೀತು. ಏರು, ತಿರುವು, ಕೆಸರುಗಳ ದಾರಿಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಒಳಗಿನ ಒಂದೊಂದು ಗುಂಡೂ ಇಪ್ಪತ್ತು ಕಿಲೋಗ್ರಾಮಿಗಿಂತ ಹೆಚ್ಚು ತೂಕದ್ದು. ಇಕ್ಕಟ್ಟಿನಲ್ಲಿ ಕುಳಿತವನೊಬ್ಬ ಅದನ್ನು ಎತ್ತಿ ತುಂಬಬೇಕು. ಆರ್ಡೆನ್ಸ್‌ನ ದಾರಿಗಳೋ ಇಕ್ಕಟ್ಟಾದ ಕಣಿವೆಯ ದಾರಿಗಳು, ಹಳ್ಳಿಯ ಮನೆಗಳ ನಡುವೆ ಹಾವಿನಂತೆ ಸುತ್ತುವಂಥವು. ಕಾಲ ಡಿಸೆಂಬರ್: ಹಿಮ, ಮಂಜು, ಹದಗೆಟ್ಟ ನೆಲ. ಜರ್ಮನ್ ದಾಳಿಯ ಮೊನೆಯಾಗಿದ್ದ ಪೈಪರನ ಪಡೆ ತನಗೆ ಕೊಟ್ಟ ಕಿಂಗ್ ಟೈಗರುಗಳನ್ನು ಸಾಲಿನ ಹಿಂಭಾಗಕ್ಕೆ ಹಾಕಿಕೊಂಡಿತ್ತು. ಅಷ್ಟು ನಿಧಾನದ, ಅಷ್ಟು ಭಾರದ ವಾಹನ ಮುಂದಿದ್ದರೆ ಓಟವೇ ನಿಲ್ಲುತ್ತಿತ್ತು. ಇಡೀ ಕದನದಲ್ಲಿ ಜರ್ಮನ್ನರ ಬಳಿ ಇದ್ದ ಕಿಂಗ್ ಟೈಗರುಗಳು ಕೆಲವು ಡಜನುಗಳಷ್ಟೇ. ಕಾದಾಟದ ಹೊರೆ ಹೊತ್ತುವು ಪ್ಯಾಂಥರ್ ಮತ್ತು ಪಾಂಜರ್-4 ಎಂಬ ಟ್ಯಾಂಕುಗಳು.

ಪೈಪರನ ಪಡೆಯನ್ನು ಕಟ್ಟಿಹಾಕಿದುದರಲ್ಲಿ ಅಮೆರಿಕದ ಎಂಜಿನಿಯರುಗಳ ಪಾಲು ಬಹು ದೊಡ್ಡದು. ಡಿಸೆಂಬರ್ 18ರಂದು ಟ್ರುವಾ ಪೋಂ ಎಂಬ ಊರಿನ ಸೇತುವೆಯನ್ನು ಕಣ್ಣೆದುರಿಗೇ ಸ್ಫೋಟಿಸಲಾಯಿತು. ಆ ಊರಿನ ಹೆಸರಿನ ಅರ್ಥವೇ ಮೂರು ಸೇತುವೆಗಳು. ಬಳಸುದಾರಿ ಹಿಡಿದು ಹೋದ ಪಡೆಗೆ ಅದೇ ಸಂಜೆ ಲಿಯೆನ್ ಎಂಬ ಸಣ್ಣ ಹೊಳೆಯ ಮೇಲಿನ ಸೇತುವೆಯೂ ಕಣ್ಣೆದುರಿಗೆ ಹಾರಿಹೋಯಿತು. ಹಗುರ ವಾಹನವಾಗಿದ್ದರೆ ಬೇರೆ ಕಿರುಸೇತುವೆಯನ್ನು ಹುಡುಕಿಕೊಳ್ಳಬಹುದಿತ್ತು. ಭಾರಿ ಟ್ಯಾಂಕಿಗೆ ಆ ಸೌಕರ್ಯವಿಲ್ಲ. ಒಂದಿಷ್ಟು ಸ್ಫೋಟಕ, ಒಂದಿಷ್ಟು ತಂತಿ, ಚಳಿಯಲ್ಲಿ ನಡುಗುತ್ತ ಕಾದುಕುಳಿತ ಕೆಲವೇ ಮಂದಿ: ಎಪ್ಪತ್ತು ಟನ್ ಉಕ್ಕಿಗೆ ಇಷ್ಟು ಸಾಕಾಯಿತು. ಇದರಲ್ಲಿ ಒಂದು ಮಹಾಕಾವ್ಯಕ್ಕೆ ಸಾಕಾಗುವಷ್ಟು ನಾಟಕವಿದೆ. ಚಿತ್ರ ಇದನ್ನು ಬಿಟ್ಟು ಕೊನೆಯ ಭಾಗದಲ್ಲಿ ಟ್ಯಾಂಕುಗಳನ್ನು ಹಿಮವಿಲ್ಲದ, ಮರವಿಲ್ಲದ, ಒಣಗಿದ ಸ್ಪೇನಿನ ಬಯಲಿಗೆ ತಂದು ಬಿಡುತ್ತದೆ. ಅಲ್ಲಿ ಎರಡೂ ಕಡೆಯ ವಾಹನಗಳು ಕುದುರೆಗಳಂತೆ ಹರಡಿಕೊಂಡು ಓಡಾಡುತ್ತವೆ. ದಾರಿಯಿಲ್ಲ, ಸೇತುವೆಯಿಲ್ಲ, ಕೆಸರಿಲ್ಲ. ಟ್ಯಾಂಕಿನ ವೇಷ ಹಾಕಿದ ಅಶ್ವದಳದ ಕದನ ಅದು. ಹಾಲಿವುಡ್ಡಿಗೆ ಅಶ್ವದಳದ ಕದನ ತೆಗೆದು ರೂಢಿಯಿತ್ತು.

ಮನುಷ್ಯರ ವಿಷಯದಲ್ಲೂ ಇದೇ ಹಗುರಾಗುವಿಕೆ ನಡೆದಿದೆ. ಪೈಪರನ ಪಡೆಯವರು ಡಿಸೆಂಬರ್ 17ರಂದು ಮಾಲ್ಮೆಡಿಯ ಹತ್ತಿರ ಶರಣಾದ 84 ಮಂದಿ ಅಮೆರಿಕನ್ನರನ್ನು ಗುಂಡಿಟ್ಟು ಕೊಂದರು. ಚಿತ್ರ ಆ ಹತ್ಯೆಯನ್ನು ತೋರಿಸುತ್ತದಾದರೂ ಹೆಸ್ಲರನ ಕೈಗೆ ರಕ್ತ ಹತ್ತದಂತೆ ನೋಡಿಕೊಳ್ಳುತ್ತದೆ. ಸುದ್ದಿ ಕೇಳಿ ಅವನು ಸಿಟ್ಟಾಗುತ್ತಾನೆ, ಪ್ರತಿಭಟಿಸುತ್ತಾನೆ. ಟ್ಯಾಂಕಿನ ಭಾರವನ್ನು ಇಳಿಸಿದ ಕೈಯೇ ಟ್ಯಾಂಕನ್ನು ನಡೆಸಿದವನ ಹೊಣೆಯ ಭಾರವನ್ನೂ ಇಳಿಸಿತು. ಎರಡೂ ಒಂದೇ ಅಭ್ಯಾಸದ ಎರಡು ಮುಖಗಳು ಎಂದು ತೋರುತ್ತದೆ.

ಇಷ್ಟಾದರೂ ಚಿತ್ರವನ್ನು ಪೂರ್ತಿಯಾಗಿ ಅಲ್ಲಗಳೆಯುವಂತಿಲ್ಲ. ಒಂದು ಸತ್ಯವನ್ನು ಅದು ಗಟ್ಟಿಯಾಗಿ ಹಿಡಿದಿದೆ. ಸೆರೆಸಿಕ್ಕ ಜರ್ಮನ್ ಟ್ಯಾಂಕು ಸೈನಿಕರ ಬಳಿ ರಬ್ಬರಿನ ಕೊಳವೆಗಳಿರುವುದನ್ನು ಕೈಲಿ ಗಮನಿಸುತ್ತಾನೆ. ಹೊಳೆಯಲ್ಲಿ ಜರ್ಮನ್ನರ ಪೀಪಾಯಿಗಳು ತೇಲಿಬರುವುದನ್ನು ನೋಡುತ್ತಾನೆ. ಪೀಪಾಯಿ ತೇಲುತ್ತಿದೆ ಎಂದರೆ ಖಾಲಿಯಾಗಿದೆ. ಕೊಳವೆಯಿದೆ ಎಂದರೆ ಇನ್ನೊಬ್ಬರ ಪೆಟ್ರೋಲನ್ನು ಹೀರಿಕೊಳ್ಳುವ ಯೋಚನೆಯಿದೆ. ಶತ್ರುವಿನ ಭಯಂಕರ ಆಯುಧಕ್ಕೆ ಹೊಟ್ಟೆಗಿಲ್ಲ ಎಂದು ಅವನಿಗೆ ಹೊಳೆಯುವ ಆ ಕ್ಷಣ ಚಿತ್ರದ ಅತ್ಯುತ್ತಮ ಕ್ಷಣ. ಜರ್ಮನ್ನರಿಗೆ ನಿಜವಾಗಿಯೂ ಪೆಟ್ರೋಲಿನ ಕೊರತೆ ಬಹಳವಾಗಿತ್ತು. ಶತ್ರುವಿನ ದಾಸ್ತಾನನ್ನು ಹಿಡಿದು ಮುಂದುವರಿಯುವ ಆಸೆಯೂ ಅವರಿಗಿತ್ತು. ಸ್ಟಾವ್ಲೊ ಬಳಿಯ ಅಮೆರಿಕನ್ ದಾಸ್ತಾನಿನ ಪೆಟ್ರೋಲಿಗೆ ರಸ್ತೆಯ ಮೇಲೆ ಬೆಂಕಿ ಹಚ್ಚಿ ಅಡ್ಡಗಟ್ಟಿದುದೂ ನಡೆದ ಸಂಗತಿ. ಚಿತ್ರದ ಕೊನೆಯಲ್ಲಿ ಉರಿಯುವ ಪೀಪಾಯಿಗಳು ಉರುಳಿಬಂದು ಹೆಸ್ಲರನ ಟ್ಯಾಂಕನ್ನು ಸುಡುವ ದೃಶ್ಯ ಅದರ ಉತ್ಪ್ರೇಕ್ಷಿತ ರೂಪ.

ಪಂಪನ ಕರ್ಣನನ್ನು ಓದಿದವರಿಗೆ ಈ ಹಸಿದ ಟ್ಯಾಂಕಿನಲ್ಲಿ ಪರಿಚಿತವಾದುದೇನೋ ಕಾಣದಿರದು. ಕರ್ಣನ ಸೋಲಿನಲ್ಲಿ ಶಾಪವಿದೆ, ದಾನವಿದೆ, ಕುಲದ ಗುಟ್ಟಿದೆ. ಆದರೆ ಅವೆಲ್ಲ ಬಂದು ನಿಲ್ಲುವುದು ನೆಲದಲ್ಲಿ ಹೂತ ರಥದ ಚಕ್ರವೊಂದರಲ್ಲಿ. ವೀರನೊಬ್ಬ ಆಯುಧವನ್ನು ಬದಿಗಿಟ್ಟು ಕೆಳಗಿಳಿದು ಗಾಲಿಯನ್ನು ಎತ್ತಬೇಕಾದ ಆ ಕ್ಷಣ ಇಲ್ಲದಿದ್ದರೆ ಕರ್ಣನ ದುರಂತಕ್ಕೆ ಮೈಯೇ ಇರುತ್ತಿರಲಿಲ್ಲ. ರನ್ನನ ‘ಗದಾಯುದ್ಧ’ವೂ ಅಷ್ಟೇ. ಸೊಂಟದಿಂದ ಕೆಳಗೆ ಹೊಡೆಯಬಾರದೆಂಬುದು ಗದೆಯ ಧರ್ಮ. ಆ ಮಿತಿಯೇ ಇಲ್ಲದಿದ್ದರೆ ಭೀಮ ತೊಡೆಗೆ ಹೊಡೆದುದು ಕೇವಲ ಒಂದು ಪೆಟ್ಟಾಗುತ್ತಿತ್ತು, ಪ್ರಶ್ನೆಯಾಗುತ್ತಿರಲಿಲ್ಲ. ಪ್ರಾಚೀನ ಕವಿಗಳು ಆಯುಧಗಳ ಕಾಲವನ್ನು ಬದಲಿಸಿದರು. ಅವುಗಳ ಧರ್ಮವನ್ನು ಬದಲಿಸಲಿಲ್ಲ.

ಕೇವಲ ನಿಜವಾದ ಆಯುಧವನ್ನು ತಂದು ನಿಲ್ಲಿಸಿದರೂ ಈ ಧರ್ಮ ಉಳಿಯುತ್ತದೆಂದು ಹೇಳಲಾಗದು. 2014ರ ‘ಫ್ಯೂರಿ’ ಚಿತ್ರಕ್ಕಾಗಿ ಇಂಗ್ಲೆಂಡಿನ ಬೋವಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿರುವ, ಈಗಲೂ ಓಡುವ ಸ್ಥಿತಿಯಲ್ಲಿರುವ ಅಸಲಿ ಟೈಗರ್ ಟ್ಯಾಂಕನ್ನೇ ಬಳಸಿದರು. ಆದರೆ ಮರೆಯಲ್ಲಿ ಅಡಗಿ ದೂರದಿಂದಲೇ ಶತ್ರುವನ್ನು ಮುಗಿಸಬಲ್ಲ ಆ ಟ್ಯಾಂಕು ಕಥೆಯ ಅನುಕೂಲಕ್ಕಾಗಿ ಮರೆಯಿಂದ ಹೊರಬಂದು ಶರ್ಮನ್‌ಗಳ ಬಳಿಗೆ ತಾನೇ ನಡೆದು ಹೋಗುತ್ತದೆ. ಉಕ್ಕು ಅಸಲಿ, ನಡತೆ ನಕಲಿ. ಅನಕಿನ್ನನ ಚಿತ್ರದಲ್ಲಿ ಉಕ್ಕು ನಕಲಿಯಾದರೂ ಹಸಿವು ಅಸಲಿ. ಎರಡರಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕಾದರೆ ಹಸಿವಿನ ಕಡೆ ನಿಲ್ಲುವುದು ಮೇಲು.

ಈ ಚರ್ಚೆಯ ಬಿಸಿ ಕನ್ನಡ ತರಗತಿಗೂ ತಟ್ಟಬೇಕಾದುದಿದೆ. ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳುವಾಗ ಸೇನಾವರ್ಣನೆ, ಆಯುಧಗಳ ಪಟ್ಟಿ ಬಂದೊಡನೆ ‘ಇದು ವರ್ಣನೆ, ಬಿಡಿ’ ಎಂದು ಪುಟ ತಿರುಗಿಸುವ ರೂಢಿ ಬೆಳೆದಿದೆ. ಪರೀಕ್ಷೆಗೆ ಬರುವುದು ಕರ್ಣನ ಔದಾರ್ಯ, ದುರ್ಯೋಧನನ ಛಲ. ಅದೇ ವಿದ್ಯಾರ್ಥಿ ಸಂಜೆ ಯುದ್ಧಚಿತ್ರವೊಂದನ್ನು ನೋಡಿದಾಗ ಎಂದೂ ಮುಗಿಯದ ಗುಂಡು, ಎಂದೂ ಹೂಳದ ಗಾಲಿ, ದಣಿಯದ ತೋಳು ಇವುಗಳನ್ನು ಪ್ರಶ್ನಿಸಲು ಅವನ ಬಳಿ ಸಾಧನವಿಲ್ಲ. ಯುದ್ಧವೆಂದರೆ ಧೈರ್ಯವೊಂದೇ ಸಾಕಾದ ಆಟವೆಂದು ಅವನು ನಂಬಿದರೆ ತಪ್ಪು ಅವನದಲ್ಲ. ಬಿಟ್ಟುಬಿಟ್ಟ ಆ ಪದ್ಯಗಳಲ್ಲಿ ಬಿಲ್ಲಿನ ಬಿಗುವು, ಆನೆಯ ಬೆದರು, ಕತ್ತಿಯ ಮೊಂಡುತನಗಳನ್ನು ಬಲ್ಲವರ ತಿಳಿವಳಿಕೆ ತುಂಬಿದೆ. ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ಕೆಲಸಕ್ಕೆ ವಿಶೇಷ ಅನುಕೂಲವೂ ಉಂಟು. ಪುಣೆಯಿಂದ ಕೆಲವು ಗಂಟೆಗಳ ದಾರಿಯಲ್ಲಿ, 2024ರಲ್ಲಿ ಅಹಿಲ್ಯಾನಗರವೆಂದು ಹೆಸರು ಬದಲಿಸಿಕೊಂಡ ಅಹಮದ್‌ನಗರದಲ್ಲಿ, ಅಶ್ವದಳದ ಟ್ಯಾಂಕು ವಸ್ತುಸಂಗ್ರಹಾಲಯವಿದೆ. ಅಲ್ಲಿ ಪ್ಯಾಟನ್ ಬಿಸಿಲಿಗೆ ಮೈಯೊಡ್ಡಿ ನಿಂತಿದೆ. ಗದಾಯುದ್ಧದ ಪಾಠಕ್ಕೆ ಮೊದಲು ವಿದ್ಯಾರ್ಥಿಗಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು ಆ ಉಕ್ಕನ್ನು ಅಂಗೈಯಿಂದ ಮುಟ್ಟಿಸಿದರೆ ನಷ್ಟವೇನೂ ಇಲ್ಲ.

ನಿಜವಾದ ಕಿಂಗ್ ಟೈಗರುಗಳಲ್ಲಿ ಒಂದು ಬೆಲ್ಜಿಯಂನ ಲಾ ಗ್ಲೇಜ್ ಎಂಬ ಹಳ್ಳಿಯಲ್ಲಿ ಇಂದಿಗೂ ನಿಂತಿದೆ. 1944ರ ಡಿಸೆಂಬರ್ 24ರ ನಸುಕಿಗೆ ಮುನ್ನ, ಪೆಟ್ರೋಲೂ ದಾರಿಯೂ ಮುಗಿದು, ಪೈಪರನ ಪಡೆಯಲ್ಲಿ ಉಳಿದ ಸುಮಾರು 800 ಮಂದಿ ತಮ್ಮ ಟ್ಯಾಂಕುಗಳನ್ನು ಅಲ್ಲಿಯೇ ಬಿಟ್ಟು ಹಿಮದಲ್ಲಿ ಕಾಲ್ನಡಿಗೆಯಿಂದ ಹಿಂದಿರುಗಿದರು. ಚಿತ್ರದ ಕೊನೆಯ ದೃಶ್ಯಕ್ಕೂ ಇದಕ್ಕೂ ದೂರವಿಲ್ಲ. ಸುಟ್ಟ ಮತ್ತು ನಿಂತುಹೋದ ಟ್ಯಾಂಕುಗಳನ್ನು ತೊರೆದು ಜರ್ಮನ್ನರು ಮನೆಯ ಕಡೆ ಹೆಜ್ಜೆ ಹಾಕುತ್ತಿದ್ದಾರೆ. ಅವರಲ್ಲಿ ಹೆಸ್ಲರನ ಹಳೆಯ ಆಳು ಕಾನ್ರಾಡನೂ ಇದ್ದಾನೆ. ಯುದ್ಧ ಎಂದು ಮುಗಿಯುತ್ತದೆಂದು ಒಡೆಯನನ್ನು ಕೇಳಿ ಕೇಳಿ ಸಾಕಾದವನು. ಹೆಣಗಳ ನಡುವೆ ಕಾಲಿಡುತ್ತ ನಡೆವ ರನ್ನನ ದುರ್ಯೋಧನನಷ್ಟು ಮಾತು ಅವನಿಗಿಲ್ಲ. ನಡೆಯುತ್ತ ನಡೆಯುತ್ತ ಅವನು ಗುಂಡಿನ ಪಟ್ಟಿಯನ್ನೂ ಕೋವಿಯನ್ನೂ ದಾರಿಯ ಬದಿಗೆ ಎಸೆಯುತ್ತಾನೆ. ಎರಡೂವರೆ ಗಂಟೆಗಿಂತ ಹೆಚ್ಚು ಹೊತ್ತಿನ ಈ ಚಿತ್ರದಲ್ಲಿ ಆಯುಧವೊಂದಕ್ಕೆ ತೂಕವಿದೆಯೆಂದು ಪ್ರೇಕ್ಷಕನಿಗೆ ಅನಿಸುವುದು ಆಗ.